ವಕಾಲತ್ತಿಗೆ ಸಹಿ ಹಾಕುವ ಮೊದಲು ವಿಚಾರಿಸಬೇಕಾದದ್ದು

ಮಾನ್ಯ ಸಂಪಾದಕರಿಗೆ,

ವ್ಯಾಜ್ಯವೊಂದು ಎದುರಾದಾಗ ಯಾವ ವಕೀಲರ ಬಳಿಗೆ ಹೋಗಬೇಕೆಂಬುದನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯ ಜನ ನಿರ್ಧರಿಸುವ ರೀತಿಯನ್ನು ಕುರಿತು, ನ್ಯಾಯಾಲಯದ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾಗಿರುವ ನಾನು ತಮ್ಮ ಪತ್ರಿಕೆಯ ಮೂಲಕ ಕೆಲವು ಮಾತುಗಳನ್ನು ಓದುಗರ ಮುಂದಿಡಲು ಬಯಸುತ್ತೇನೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಾಗಲಿ, ವಕೀಲರ ಆಯ್ಕೆ ನಡೆಯುವುದು ಹೆಚ್ಚಾಗಿ ನೆಂಟಸ್ತಿಕೆಯಿಂದ, ಇಲ್ಲವೆ ಊರಿನ ಹಿರಿಯರೊಬ್ಬರ ಮಾತಿನಿಂದ, ಇಲ್ಲವೆ ಹಿಂದೆ ಅಪ್ಪನ ಕೇಸನ್ನು ನಡೆಸಿಕೊಟ್ಟವರು ಎಂಬ ಗೌರವದಿಂದ. ತೋಟಕ್ಕೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನನ್ನು ಕರೆಯುವಾಗಲೂ ಆತ ಯಾರ ಮನೆಯಲ್ಲಿ ಕೊಯ್ಲು ಮಾಡಿದ್ದಾನೆ, ಮದ್ದು ಹೊಡೆಯುವ ಕೆಲಸ ಬರುತ್ತದೆಯೇ ಎಂದು ನಾಲ್ಕು ಕಡೆ ವಿಚಾರಿಸುವ ನಾವು, ತಲೆಮಾರುಗಳಿಂದ ಬಂದ ಅದೇ ತೋಟದ ವ್ಯಾಜ್ಯವನ್ನು ಒಬ್ಬರ ಕೈಗೆ ಒಪ್ಪಿಸುವಾಗ ಒಂದು ಪ್ರಶ್ನೆಯನ್ನೂ ಕೇಳದೆ ಸಹಿ ಹಾಕಿ ಬರುತ್ತೇವೆ.

ಕೇಳದಿರುವುದಕ್ಕೆ ಮುಖ್ಯ ಕಾರಣ ಸಂಕೋಚ. ದೊಡ್ಡವರನ್ನು, ಓದಿದವರನ್ನು 'ನಿಮಗೆ ಈ ಕೆಲಸ ಬರುತ್ತದೆಯೇ' ಎಂದು ಕೇಳುವುದು ಅವಮರ್ಯಾದೆ ಎಂದು ನಮ್ಮವರು ಭಾವಿಸುತ್ತಾರೆ. ಆದರೆ ಕೇಳಲೇಬೇಕಾದ ಪರಿಸ್ಥಿತಿಯನ್ನು ನಿಯಮವೇ ನಿರ್ಮಿಸಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಡಾವಳಿ ನಿಯಮಗಳ ಪ್ರಕಾರ ವಕೀಲರು ಜಾಹೀರಾತು ನೀಡುವಂತಿಲ್ಲ. ಅವರ ನಾಮಫಲಕ ಮಿತವಾದ ಗಾತ್ರದ್ದಾಗಿರಬೇಕು. ತಾವು ಇಂಥದ್ದೇ ಬಗೆಯ ಪ್ರಕರಣಗಳಲ್ಲಿ ಪರಿಣತರು ಎಂದು ಅದರ ಮೇಲೆ ಬರೆಸುವಂತಿಲ್ಲ. ವೃತ್ತಿಯ ಘನತೆಗಾಗಿ ಮಾಡಿದ ಈ ನಿಯಮ ಸರಿಯಾದುದೇ. ಆದರೆ ಅದರಿಂದಾಗಿ, ನ್ಯಾಯಾಲಯದ ಎದುರಿನ ಬೀದಿಯಲ್ಲಿ ಸಾಲಾಗಿ ಕಾಣುವ ಫಲಕಗಳನ್ನು ಎಷ್ಟು ಓದಿದರೂ ಯಾರು ದಿವಾಣಿ, ಅಂದರೆ ಸಿವಿಲ್ ದಾವೆ ನಡೆಸುವವರು, ಯಾರು ಜಾಮೀನು ಮತ್ತು ಕ್ರಿಮಿನಲ್ ಪ್ರಕರಣಗಳವರು, ಯಾರು ಎಸಿ ಕೋರ್ಟಿನಲ್ಲಿ (ಉಪವಿಭಾಗಾಧಿಕಾರಿಗಳ ನ್ಯಾಯಾಲಯದಲ್ಲಿ) ಕಂದಾಯದ ಮೇಲ್ಮನವಿಗಳನ್ನು ನೋಡುವವರು ಎಂಬುದು ತಿಳಿಯುವುದಿಲ್ಲ. ಫಲಕ ಹೇಳದಿರುವುದನ್ನು ಕಕ್ಷಿದಾರನೇ ಬಾಯಿಬಿಟ್ಟು ಕೇಳಿ ತಿಳಿಯಬೇಕು. 2008ರ ತಿದ್ದುಪಡಿಯ ನಂತರ ವಕೀಲರು ತಮ್ಮ ಜಾಲತಾಣದಲ್ಲಿ ಯಾವ ಬಗೆಯ ಪ್ರಕರಣಗಳನ್ನು ನಡೆಸುತ್ತೇವೆಂದು ನಮೂದಿಸಲು ಅವಕಾಶವಿದೆಯಾದರೂ, ನಮ್ಮ ತಾಲೂಕು ಕೇಂದ್ರಗಳಲ್ಲಿ ಜಾಲತಾಣ ನೋಡಿ ವಕೀಲರನ್ನು ಹುಡುಕುವವರು ವಿರಳ.

ಕೇಳುವುದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ನಮ್ಮ ತಕರಾರು ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಸ್ಥೂಲವಾಗಿಯಾದರೂ ತಿಳಿದುಕೊಳ್ಳಬೇಕು. ಎಲ್ಲ ವ್ಯಾಜ್ಯವೂ 'ಕೋರ್ಟಿಗೆ' ಹೋಗುತ್ತದೆ ಎಂದು ನಾವು ಅಂದುಕೊಂಡಿರುವುದರಿಂದಲೇ ಅರ್ಧ ಅನಾಹುತ ಆಗುತ್ತದೆ. ಉದಾಹರಣೆಗೆ, ಜಮೀನಿನ ಪಹಣಿಯಲ್ಲಿ ಹೆಸರು ಬದಲಾಯಿಸುವ ಬಗ್ಗೆ ಆಕ್ಷೇಪಣೆ ಸಲ್ಲಿಸಿದ್ದರೂ ತಹಶೀಲ್ದಾರರು ಎದುರಾಳಿಯ ಪರವಾಗಿ ಆದೇಶ ಮಾಡಿದರು ಎಂದಿಟ್ಟುಕೊಳ್ಳೋಣ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 136ನೇ ಕಲಮಿನ ಪ್ರಕಾರ ಅದರ ಮೇಲ್ಮನವಿ ಹೋಗುವುದು ಉಪವಿಭಾಗಾಧಿಕಾರಿಗಳ ಬಳಿಗೆ. ಆದೇಶ ತಿಳಿಸಿದ ದಿನದಿಂದ 60 ದಿನಗಳ ಒಳಗೆ. ಅಲ್ಲಿಯೂ ಸಮಾಧಾನವಾಗದಿದ್ದರೆ ಜಿಲ್ಲಾಧಿಕಾರಿಗಳ ಮುಂದೆ. ಆದರೆ ಜಮೀನಿನ ಮಾಲೀಕತ್ವದ ಹಕ್ಕು ಯಾರದೆಂಬ ಮೂಲ ಪ್ರಶ್ನೆಯೇ ಎದ್ದಿದ್ದರೆ ಅದನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ಕೆಲವೊಮ್ಮೆ ಎರಡೂ ಕಡೆ ಹೋಗಬೇಕಾಗುತ್ತದೆ. ಯಾವುದು ಮೊದಲು, ಯಾವುದರ ಗಡುವು ಹತ್ತಿರವಿದೆ ಎಂಬುದನ್ನು ಹೇಳಬಲ್ಲವರು ಎರಡೂ ಕಡೆಯ ಕೆಲಸ ನೋಡಿದವರು ಮಾತ್ರ. ಪಹಣಿಯ ತಕರಾರನ್ನು ಹಿಡಿದುಕೊಂಡು ಬಂದವರಿಂದ ಕೇವಲ ತಡೆಯಾಜ್ಞೆಯ ದಾವೆ ಹಾಕಿಸಿ, ಅದರ ಮುದ್ದತುಗಳಿಗೆ ಅಲೆಯುತ್ತಿರುವಾಗಲೇ 60 ದಿನಗಳು ಕಳೆದುಹೋಗಿ, ಬಳಿಕ ವಿಳಂಬ ಮನ್ನಿಸಿ ಎಂದು ಉಪವಿಭಾಗಾಧಿಕಾರಿಗಳ ಮುಂದೆ ಅಂಗಲಾಚಬೇಕಾದ ಸ್ಥಿತಿಯನ್ನು ನಾನು ಕಚೇರಿಯ ಕಿಟಕಿಯ ಈಚೆಯಿಂದ ಮತ್ತೆ ಮತ್ತೆ ನೋಡಿದ್ದೇನೆ. ಹಾಗೆ ದಾವೆ ಹಾಕಿಸಿದ ವಕೀಲರು ಅಪ್ರಾಮಾಣಿಕರಾಗಿರಲಿಲ್ಲ. ಅವರು ಸಿವಿಲ್ ನ್ಯಾಯಾಲಯದವರು, ತಮಗೆ ಗೊತ್ತಿದ್ದ ಪರಿಹಾರವನ್ನೇ ಸೂಚಿಸಿದ್ದರು, ಅಷ್ಟೆ.

ಗೇಣಿಯ ವಿಷಯ ಇನ್ನೂ ಸೂಕ್ಷ್ಮ. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಒಬ್ಬನು ಗೇಣಿದಾರನೇ ಅಲ್ಲವೇ ಎಂಬುದನ್ನು ತೀರ್ಮಾನಿಸುವ ಅಧಿಕಾರ ಭೂ ನ್ಯಾಯಮಂಡಳಿಯದೇ ಹೊರತು ಸಿವಿಲ್ ನ್ಯಾಯಾಲಯದ್ದಲ್ಲ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿ ಇದ್ದುದರಿಂದ ಇಲ್ಲಿಯ ಹಳೆಯ ಭೂದಾಖಲೆಗಳ ಕ್ರಮವೂ, ಅವಕ್ಕೆ ಅನ್ವಯಿಸುತ್ತಿದ್ದ ಗೇಣಿ ಕಾನೂನೂ ಹಳೆ ಮೈಸೂರಿನದಕ್ಕಿಂತ ಬೇರೆ. ಹಳೆಯ ಕಾಗದಪತ್ರಗಳನ್ನು ಓದಿ, ಶಾಶ್ವತವಾದ ಮೂಲಗೇಣಿಗೂ ಶಾಶ್ವತವಲ್ಲದ ಚಾಲಗೇಣಿಗೂ ಇರುವ ವ್ಯತ್ಯಾಸವನ್ನು ದಾಖಲೆಯಲ್ಲೇ ಹಿಡಿದು ತೋರಿಸಬಲ್ಲ ಹಿರಿಯ ವಕೀಲರು ಕುಮಟಾ, ಹೊನ್ನಾವರ, ಶಿರಸಿಗಳಲ್ಲಿ ಇಂದಿಗೂ ಇದ್ದಾರೆ. ಅಂಥ ಕೇಸಿಗೆ ಬೆಂಗಳೂರಿನ ಹೆಸರುವಾಸಿ ವಕೀಲರಿಗಿಂತ ಅವರೇ ಹೆಚ್ಚು ಉಪಯುಕ್ತರಾಗಬಹುದು.

ಭೂಸ್ವಾಧೀನದ ವಿಷಯದಲ್ಲಿ ಆಗುವ ಗೊಂದಲವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಕರಾವಳಿಯಷ್ಟು ಭೂಮಿ ಕಳೆದುಕೊಂಡ ಪ್ರದೇಶಗಳು ಕಡಿಮೆ. ಸೀಬರ್ಡ್ ನೌಕಾನೆಲೆಗೆ ಕಾರವಾರ ಮತ್ತು ಅಂಕೋಲಾದ ಗ್ರಾಮಗಳವರು ಜಮೀನು ಬಿಟ್ಟುಕೊಟ್ಟಾಗ ಅನ್ವಯಿಸಿದ್ದು 1894ರ ಭೂಸ್ವಾಧೀನ ಕಾಯ್ದೆ. ಪರಿಹಾರ ಸಾಲದು ಎನ್ನುವವರು 18ನೇ ಕಲಮಿನಡಿ ಅರ್ಜಿ ಕೊಟ್ಟರೆ ಪ್ರಕರಣ ಸಿವಿಲ್ ನ್ಯಾಯಾಲಯಕ್ಕೆ ಬರುತ್ತಿತ್ತು, ಅಲ್ಲಿ ಸಾಕ್ಷಿ ನುಡಿಸಿ ಹೆಚ್ಚಿನ ಪರಿಹಾರ ಕೇಳಬಹುದಾಗಿತ್ತು. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆ ಮನೆ, ಅಂಗಡಿ, ತೆಂಗಿನ ಮರ ಕಳೆದುಕೊಂಡವರ ದಾರಿ ಅದಲ್ಲ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಂತೆ ಪರಿಹಾರದ ತಕರಾರು ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಹೋಗುತ್ತದೆ. ಅವರ ತೀರ್ಪನ್ನು ಪ್ರಶ್ನಿಸಬೇಕಾದರೆ ಮೂರು ತಿಂಗಳೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಸಕಾರಣ ತೋರಿಸಿದರೆ ಇನ್ನು 30 ದಿನ ಸಿಗಬಹುದು, ಅದರಾಚೆಗೆ ಒಂದು ದಿನವೂ ಇಲ್ಲ. ಆ ಹಂತದಲ್ಲಿ ಸಾಕ್ಷ್ಯವನ್ನು ಹೊಸದಾಗಿ ತೂಗಿ ನೋಡುವ ಅವಕಾಶವೂ ತೀರ ಸೀಮಿತವಾದ್ದರಿಂದ, ನೆರೆಹೊರೆಯ ಕ್ರಯಪತ್ರಗಳು, ಮರಗಳ ಮೌಲ್ಯಮಾಪನ, ಕಟ್ಟಡದ ಅಂದಾಜು ಎಲ್ಲವನ್ನೂ ಮಧ್ಯಸ್ಥಗಾರರ ಮುಂದೆಯೇ ಹಾಜರುಪಡಿಸಿರಬೇಕು. 'ಸೀಬರ್ಡ್ ಕೇಸಿನಲ್ಲಿ ನಮ್ಮ ಚಿಕ್ಕಪ್ಪನಿಗೆ ಚೆನ್ನಾಗಿ ಮಾಡಿಕೊಟ್ಟರು' ಎಂಬ ಒಂದೇ ಕಾರಣಕ್ಕೆ ಹೆದ್ದಾರಿಯ ಕಾಗದಗಳನ್ನು ಅವರಿಗೇ ಕೊಟ್ಟುಬರುವ ಮುನ್ನ, ಅವರು ಮಧ್ಯಸ್ಥಿಕೆ ಕಾಯ್ದೆಯಡಿ ಕೆಲಸ ಮಾಡಿದ್ದಾರೆಯೇ ಎಂದು ಕೇಳುವುದು ಅಗತ್ಯ. ಭೂಮಿ ಹೋದ ನೋವು ಎರಡೂ ಕಡೆ ಒಂದೇ ಆದರೂ ಕಾನೂನಿನ ದಾರಿ ಒಂದೇ ಅಲ್ಲ.

ಅರಣ್ಯದ ವಿಷಯಕ್ಕೆ ಬಂದರೆ, ಅತಿಕ್ರಮಣದಾರರಿಗೆ ಅರಣ್ಯ ಇಲಾಖೆಯಿಂದ ತೆರವಿನ ನೋಟಿಸ್ ಬಂದಾಗ ಮಾಡಬೇಕಾದ ಕೆಲಸ ಒಂದು, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕು ಕೇಳುವ ಕೆಲಸ ಇನ್ನೊಂದು. ಈ ಎರಡನೆಯದರಲ್ಲಿ ಅರ್ಜಿ ಗ್ರಾಮಸಭೆಯಿಂದ ಆರಂಭವಾಗಿ ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗುತ್ತದೆ. ಕೆಳಗಿನ ನಿರ್ಣಯ ಒಪ್ಪಿಗೆಯಾಗದಿದ್ದರೆ ಮೇಲಿನ ಸಮಿತಿಗೆ ಮನವಿ ಸಲ್ಲಿಸಲು 60 ದಿನಗಳಿವೆ. ಪರಿಶಿಷ್ಟ ಪಂಗಡದವರಲ್ಲದ ಇತರ ಪಾರಂಪರಿಕ ಅರಣ್ಯವಾಸಿಗಳು 13 ಡಿಸೆಂಬರ್ 2005ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಈ ಹಂತಕ್ಕೆ ವಕೀಲರೇ ಬೇಕೆಂದಿಲ್ಲ. ಊರಿನ ಹಿರಿಯರ ಹೇಳಿಕೆ, ಹಳೆಯ ಬಾವಿ, ಮನೆಯ ಪಾಯದಂಥ ಗುರುತುಗಳೂ ಸಾಕ್ಷ್ಯವಾಗುತ್ತವೆ. ಹಾಗೆಯೇ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಸೊಪ್ಪಿನ ಬೆಟ್ಟ ಪಹಣಿಯಲ್ಲಿ ಕಾಣಿಸಿಕೊಂಡ ಮಾತ್ರಕ್ಕೆ ಅದು ತೋಟದಂತೆ ಸ್ವಂತ ಆಸ್ತಿಯಾಗುವುದಿಲ್ಲ, ಅದು ಸೌಲಭ್ಯ ಎಂಬುದನ್ನು ಮೊದಲ ಭೇಟಿಯಲ್ಲೇ ಸ್ಪಷ್ಟವಾಗಿ ಹೇಳುವ ವಕೀಲರನ್ನು ನಂಬಬಹುದು, ಆ ಮಾತು ನಮಗೆ ಹಿಡಿಸದಿದ್ದರೂ ಸರಿ. ಸಮುದ್ರ ತೀರದ ನಿರ್ಮಾಣ ನಿರ್ಬಂಧದ ಪ್ರಕರಣಗಳು ಚೆನ್ನೈಯಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠದವರೆಗೂ ಹೋಗಬಲ್ಲವು. ಅಂಥವುಗಳಿಗೆ ಆ ಕ್ಷೇತ್ರದವರೇ ಬೇಕು.

ಹೀಗೆ ತಕರಾರಿನ ಜಾಡು ಸ್ವಲ್ಪ ತಿಳಿದ ಮೇಲೆ ವಕೀಲರನ್ನು ಕೇಳಬೇಕಾದ ಮೊದಲ ಪ್ರಶ್ನೆ ಫೀಸಿನದಲ್ಲ, ಗೆಲುವಿನದೂ ಅಲ್ಲ. 'ನನ್ನ ಕೇಸಿನಲ್ಲಿ ಕೊನೆಯ ದಿನ ಯಾವುದು' ಎಂದು ಕೇಳಬೇಕು. ಆ ವಿಷಯದಲ್ಲಿ ಪಳಗಿದವರು ದಾಖಲೆಯ ಮೇಲಿನ ದಿನಾಂಕ ನೋಡಿದ ಕೂಡಲೇ ಉತ್ತರ ಹೇಳುತ್ತಾರೆ. ಅಡಿಕೆ ಖರೀದಿಸಿದವರು ಕೊಟ್ಟ ಚೆಕ್ ಹಣವಿಲ್ಲದೆ ವಾಪಸಾದರೆ, ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ನೋಟಿಸ್ ಕೊಡಬೇಕು, ಹಣ ಕೊಡಲು 15 ದಿನ ಕಾಯಬೇಕು, ಅದು ಮುಗಿದ ಒಂದು ತಿಂಗಳೊಳಗೆ ದೂರು ದಾಖಲಿಸಬೇಕು. ಸಿವಿಲ್ ದಾವೆಯ ಸಮನ್ಸ್ ಬಂದವರು 30 ದಿನಗಳಲ್ಲಿ, ನ್ಯಾಯಾಲಯ ಅವಕಾಶ ಕೊಟ್ಟರೆ 90 ದಿನಗಳೊಳಗೆ ಕೈಫಿಯತ್ತು, ಅಂದರೆ ಲಿಖಿತ ಉತ್ತರ, ಸಲ್ಲಿಸಬೇಕು. ಅಪಘಾತದ ಪರಿಹಾರದ ಅರ್ಜಿಗೆ 1 ಏಪ್ರಿಲ್ 2022ರಿಂದ ಕಾಯ್ದೆಯಲ್ಲಿ ಆರು ತಿಂಗಳ ಗಡುವು ಮತ್ತೆ ಬಂದಿದೆ. 'ನೋಡೋಣ, ಕಾಗದ ಬಿಟ್ಟುಹೋಗಿ' ಎಂದಷ್ಟೇ ಉತ್ತರ ಬಂದರೆ ಇನ್ನೊಬ್ಬರನ್ನು ಕಾಣುವುದು ಒಳಿತು. 'ಇದು ನಾನು ಮಾಡುವ ಕೆಲಸವಲ್ಲ, ಇಂಥವರ ಬಳಿ ಹೋಗಿ' ಎನ್ನುವವರು ಸಿಕ್ಕರೆ ಅವರ ಮಾತನ್ನು ಗೌರವದಿಂದ ಕೇಳಿ. ಸಣ್ಣ ಊರಿನಲ್ಲಿ ಬಂದ ಕಕ್ಷಿದಾರನನ್ನು ಬೇರೆಯವರ ಬಳಿ ಕಳುಹಿಸುವುದಕ್ಕೆ ದೊಡ್ಡ ಮನಸ್ಸು ಬೇಕು.

ಮಾತನ್ನಷ್ಟೇ ನಂಬಬೇಕಾಗಿಯೂ ಇಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ಪಕ್ಷಗಾರರ ಹೆಸರಿನಿಂದ ಮಾತ್ರವಲ್ಲದೆ ವಕೀಲರ ಹೆಸರಿನಿಂದಲೂ ಪ್ರಕರಣಗಳನ್ನು ಹುಡುಕಬಹುದು. ಯಾವ ಬಗೆಯ ಪ್ರಕರಣಗಳನ್ನು ಅವರು ಹೆಚ್ಚು ನಡೆಸುತ್ತಾರೆ ಎಂಬ ಅಂದಾಜು ಅದರಿಂದ ಸಿಗುತ್ತದೆ. ಆದರೆ ಎಷ್ಟು ಗೆದ್ದರು, ಎಷ್ಟು ಸೋತರು ಎಂದು ಲೆಕ್ಕ ಹಾಕಲು ಹೋಗಬಾರದು. ಕಷ್ಟದ ಕೇಸುಗಳನ್ನು ಕೈಗೆತ್ತಿಕೊಳ್ಳುವವರೇ ಹೆಚ್ಚು ಸೋಲುವುದುಂಟು. ಇನ್ನೂ ಸರಳವಾದ ದಾರಿಯೆಂದರೆ ಒಂದು ದಿನ ಆ ನ್ಯಾಯಾಲಯದ ಸಭಾಂಗಣದಲ್ಲಿ ಹಿಂದೆ ಕುಳಿತು ನೋಡುವುದು. ವಿಚಾರಣೆ ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದದ್ದು. ಕೇಸು ಕೂಗಿದಾಗ ಯಾರು ಹಾಜರಿರುತ್ತಾರೆ, ಯಾರು ಕಾಗದ ಸಿದ್ಧಪಡಿಸಿಕೊಂಡು ಬಂದಿರುತ್ತಾರೆ, ಯಾರು ಪ್ರತಿ ಸಲವೂ ಸಮಯ ಕೇಳುತ್ತಾರೆ ಎಂಬುದು ಅಲ್ಲಿ ತಾನಾಗಿ ಕಾಣುತ್ತದೆ.

ನಮ್ಮಂಥ ಊರುಗಳಲ್ಲಿ ಮರೆಯಬಾರದ ಇನ್ನೊಂದು ಪ್ರಶ್ನೆಯಿದೆ: ಎದುರಾಳಿಗೂ ಈ ವಕೀಲರಿಗೂ ಏನಾದರೂ ಸಂಬಂಧವಿದೆಯೇ? ಸಿದ್ದಾಪುರದಲ್ಲೋ ಅಂಕೋಲಾದಲ್ಲೋ ಪಾಲುಪಟ್ಟಿಯ ತಕರಾರು ಎದ್ದಾಗ, ಹಿಂದೆ ಅದೇ ಕುಟುಂಬದ ವಿಭಾಗಪತ್ರವನ್ನು ಬರೆದುಕೊಟ್ಟವರೇ ಈಗ ಒಬ್ಬ ತಮ್ಮನ ಪರ ನಿಲ್ಲುವ ಸಂದರ್ಭ ಅಪರೂಪವಲ್ಲ. ಕಕ್ಷಿದಾರನೊಂದಿಗಿನ ಒಪ್ಪಂದದ ವೇಳೆಯಲ್ಲೇ ಅಂಥ ಸಂಬಂಧವನ್ನು ಪೂರ್ಣವಾಗಿ ತಿಳಿಸಬೇಕೆಂದು ಪರಿಷತ್ತಿನ ನಿಯಮ ಹೇಳುತ್ತದೆ. ಒಮ್ಮೆ ಒಬ್ಬರ ಪರವಾಗಿ ದಾವೆಯ ಬಗ್ಗೆ ಸಲಹೆ ಕೊಟ್ಟವರು ಅದೇ ವಿಷಯದಲ್ಲಿ ಎದುರಾಳಿಯ ಪರ ನಿಲ್ಲುವಂತಿಲ್ಲ. ಆದ್ದರಿಂದ ಕೇಳುವುದಕ್ಕೆ ನಾಚಿಕೊಳ್ಳಬೇಕಾಗಿಲ್ಲ.

ಫೀಸಿನ ಬಗ್ಗೆ ಸ್ಪಷ್ಟವಾಗಿ ಮಾತಾಡದಿರುವುದರಿಂದ ಕೆಟ್ಟ ಸಂಬಂಧಗಳನ್ನು ಎಣಿಸಲಾರೆ. ವಕೀಲರ ಫೀಸು ಬೇರೆ, ನ್ಯಾಯಾಲಯದ ಶುಲ್ಕ ಬೇರೆ, ನಕಲು ಮತ್ತು ಟೈಪಿಂಗ್ ಖರ್ಚು ಬೇರೆ, ತೀರ್ಪಿನ ನಂತರ ಅದನ್ನು ಜಾರಿಗೊಳಿಸಲು ಹಾಕುವ ದರಖಾಸ್ತು ಅಥವಾ ಮೇಲ್ಮನವಿ ಮತ್ತೆ ಬೇರೆ. ಪ್ರತಿಯೊಂದಕ್ಕೂ ಎಷ್ಟೆಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು, ಕೊಟ್ಟ ಹಣಕ್ಕೆ ರಸೀದಿ ಪಡೆಯಬೇಕು. ಕಕ್ಷಿದಾರನ ಹಣಕ್ಕೆ ಲೆಕ್ಕ ಇಡುವುದು, ಕೇಳಿದರೆ ಲೆಕ್ಕದ ಪ್ರತಿ ಕೊಡುವುದು ವಕೀಲರ ಕರ್ತವ್ಯವೆಂದು ನಿಯಮದಲ್ಲೇ ಇದೆ. ಅಪಘಾತದ ಪ್ರಕರಣಗಳಲ್ಲಿ 'ಈಗ ಏನೂ ಕೊಡಬೇಡಿ, ಬಂದ ಪರಿಹಾರದಲ್ಲಿ ಇಷ್ಟು ಪಾಲು' ಎಂಬ ಮಾತು ಕೇಳಿಬರುವುದುಂಟು. ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ಮನೆಯ ದುಡಿಯುವ ಕೈಯನ್ನು ಕಳೆದುಕೊಂಡು ಕುಳಿತ ಕುಟುಂಬಕ್ಕೆ ಆ ಮಾತು ಉಪಕಾರದಂತೆ ಕೇಳಿಸುತ್ತದೆ. ಫಲಿತಾಂಶವನ್ನು ಅವಲಂಬಿಸಿ ಫೀಸು ನಿಗದಿಪಡಿಸುವುದನ್ನೂ, ಬಂದ ಹಣದಲ್ಲಿ ಪಾಲು ಪಡೆಯುವುದನ್ನೂ ನಿಯಮಗಳು ನೇರವಾಗಿ ನಿಷೇಧಿಸಿವೆ. ಆಸ್ಪತ್ರೆಯ ಬಾಗಿಲಲ್ಲೇ ವಕಾಲತ್ತಿನ ಕಾಗದ ಹಿಡಿದು ಬರುವ ಮಧ್ಯವರ್ತಿಗಳಿಗೆ, ದುಃಖದ ಆ ಗಳಿಗೆಯಲ್ಲಿ, ಯಾರೂ ಸಹಿ ಹಾಕಿಕೊಡಬಾರದು ಎಂದು ನಾನು ಕೈಮುಗಿದು ಬೇಡಿಕೊಳ್ಳುತ್ತೇನೆ.

ಕೆಳಗಿನ ನ್ಯಾಯಾಲಯದಲ್ಲಿ ಯಾರಾದರೂ ಆದೀತು, ಸೋತರೆ ಧಾರವಾಡದಲ್ಲಿ ದೊಡ್ಡ ವಕೀಲರನ್ನು ಹಿಡಿಯೋಣ ಎಂಬ ಭಾವನೆಯೂ ಬಲವಾಗಿದೆ. 2008ರಲ್ಲಿ ಸಂಚಾರಿ ಪೀಠ ಆರಂಭವಾಗಿ 2013ರಲ್ಲಿ ಅದು ಕಾಯಂ ಆದ ಮೇಲೆ ಹೈಕೋರ್ಟು ನಮಗೆ ಹತ್ತಿರವಾಗಿದೆ ನಿಜ. ಆದರೆ ಸಿವಿಲ್ ದಾವೆಯ ಎರಡನೇ ಮೇಲ್ಮನವಿಯಲ್ಲಿ ಹೈಕೋರ್ಟು ನೋಡುವುದು ಕಾನೂನಿನ ಮಹತ್ವದ ಪ್ರಶ್ನೆಯನ್ನು ಮಾತ್ರ. ಯಾರ ಸಾಕ್ಷಿ ನಿಜ, ಗಡಿಗಲ್ಲು ಎಲ್ಲಿತ್ತು, ಸ್ವಾಧೀನ ಯಾರದಿತ್ತು ಎಂಬುದನ್ನೆಲ್ಲ ಅಲ್ಲಿ ಮತ್ತೆ ಕೆದಕುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಮೊದಲ ನ್ಯಾಯಾಲಯದಲ್ಲಿ ಯಾವ ದಾಖಲೆ ಗುರುತಿಸಿಕೊಂಡಿತೋ, ಯಾವ ಪಾಟೀಸವಾಲು ಆಯಿತೋ ಅದರ ಮೇಲೆಯೇ ಮುಂದಿನದೆಲ್ಲ ನಿಂತಿರುತ್ತದೆ. ಹಾಗಾಗಿ ಇರುವ ಹಣದಲ್ಲಿ ಹೆಚ್ಚಿನದನ್ನು ಮೊದಲ ನ್ಯಾಯಾಲಯದಲ್ಲಿ ಶ್ರದ್ಧೆಯಿಂದ ಸಾಕ್ಷ್ಯ ಕಟ್ಟುವ ವಕೀಲರಿಗೆ ಖರ್ಚು ಮಾಡುವುದೇ ವಿವೇಕ.

ವಕೀಲರನ್ನು ಆರಿಸಿಕೊಂಡ ಮೇಲೆ ಮೂಲ ದಾಖಲೆಗಳನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವ ಹಂತ ಬರುವವರೆಗೆ ಮನೆಯಲ್ಲೇ ಇಟ್ಟುಕೊಂಡು, ನಕಲುಗಳನ್ನಷ್ಟೇ ಪಟ್ಟಿ ಮಾಡಿ ಕೊಡಬೇಕು. ಖಾಲಿ ಕಾಗದಕ್ಕೆ ಸಹಿ ಮಾಡಬಾರದು. ವಿಶ್ವಾಸ ಹೋದರೆ ವಕೀಲರನ್ನು ಬದಲಾಯಿಸುವ ಹಕ್ಕು ಕಕ್ಷಿದಾರನಿಗಿದೆ. ಫೀಸು ಬಾಕಿಯಿದೆ ಎಂಬ ಕಾರಣಕ್ಕೆ ಕಡತವನ್ನು ತಡೆಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲಿಯೇ ಹೇಳಿದೆ. ಬಾಕಿ ಹಣವನ್ನು ಕಾನೂನಿನಂತೆ ಕೇಳುವ ದಾರಿ ವಕೀಲರಿಗೂ ಇದೆ, ನ್ಯಾಯವಾದ ಬಾಕಿಯನ್ನು ಕೊಟ್ಟೇ ಹೊರಡುವುದು ನಮ್ಮ ಮರ್ಯಾದೆ.

ಆಯ್ಕೆ ಕೆಟ್ಟ ಮೇಲೆ ಪರಿಹಾರ ಪಡೆಯುವುದು ಸುಲಭವಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 14 ಮೇ 2024ರಂದು ತೀರ್ಪು ನೀಡಿದೆ. ವೃತ್ತಿಯ ದುರ್ನಡತೆಯಿದ್ದರೆ 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಆದರೆ ಅಲ್ಲಿ ಶಿಸ್ತುಕ್ರಮ ಆಗಬಹುದೇ ಹೊರತು ಮೀರಿಹೋದ ಗಡುವು ಮರಳಿ ಬರುವುದಿಲ್ಲ. ನಾನು ಇಷ್ಟು ಒತ್ತಿ ಹೇಳುತ್ತಿರುವುದು ಇದೇ ಕಾರಣಕ್ಕೆ.

ವಕೀಲರಿಗೆ ಅನ್ಯಾಯವಾಗುವಂತೆ ನಾನು ಬರೆಯುತ್ತಿಲ್ಲ. ಮುದ್ದತು ಮುಂದೆ ಹೋಗುವುದಕ್ಕೆಲ್ಲ ಅವರೇ ಕಾರಣರಲ್ಲ. ನ್ಯಾಯಾಧೀಶರ ಹುದ್ದೆ ಖಾಲಿಯಿರುತ್ತದೆ, ಸಮನ್ಸ್ ಜಾರಿಯಾಗಿರುವುದಿಲ್ಲ, ಸರ್ವೆ ವರದಿ ಬಂದಿರುವುದಿಲ್ಲ. ಅರ್ಧ ಸತ್ಯವನ್ನಷ್ಟೇ ಹೇಳಿ, ತಾನೇ ಸಹಿ ಹಾಕಿಕೊಟ್ಟ ಒಪ್ಪಂದಪತ್ರವನ್ನು ಮುಚ್ಚಿಟ್ಟು, ಎದುರಾಳಿ ಅದನ್ನು ಹಾಜರುಪಡಿಸಿದಾಗ ತನ್ನ ವಕೀಲರನ್ನು ದೂರುವ ಕಕ್ಷಿದಾರರೂ ಇದ್ದಾರೆ. ಕಕ್ಷಿದಾರ ವಕೀಲರಿಗೆ ಹೇಳಿದ ಮಾತು ಗೌಪ್ಯವಾಗಿರುತ್ತದೆ ಎಂಬ ರಕ್ಷಣೆಯನ್ನು ಕಾನೂನು ಕೊಟ್ಟಿರುವುದು ನಿಜವನ್ನು ನಿಸ್ಸಂಕೋಚವಾಗಿ ಹೇಳಲೆಂದೇ.

ಹಣವಿಲ್ಲದವರು ಕೈಚೆಲ್ಲಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಪ್ರವಾಹದಂಥ ವಿಪತ್ತಿಗೆ ತುತ್ತಾದವರು ಉಚಿತ ಕಾನೂನು ನೆರವಿಗೆ ಅರ್ಹರು; ಮಹಿಳೆಯರಿಗೆ ಆದಾಯದ ಮಿತಿಯ ಪ್ರಶ್ನೆಯೇ ಇಲ್ಲ. ತವರಿನ ಆಸ್ತಿಯಲ್ಲಿ ಪಾಲು ಕೇಳುವ ಹೆಣ್ಣುಮಕ್ಕಳಿಗೆ ಈ ಮಾತನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಪ್ರತಿ ತಾಲೂಕಿನ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು. 15100 ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು. ಕೇಸು ಹಾಕುವುದಕ್ಕಷ್ಟೇ ಅಲ್ಲ, ತಕರಾರು ಯಾವ ಕಚೇರಿಗೆ ಸೇರಿದ್ದು ಎಂಬ ಸಲಹೆಗೂ ಅಲ್ಲಿಗೆ ಹೋಗಬಹುದು.

ಈ ಸಮಿತಿಗಳು ವಕೀಲರ ಸಂಘಗಳ ಜೊತೆಗೂಡಿ ಗ್ರಾಮಗಳಲ್ಲಿ ಕಾನೂನು ಅರಿವು ಶಿಬಿರಗಳನ್ನು ನಡೆಸುತ್ತವೆ. ಅವುಗಳಲ್ಲಿ ಬಾಲ್ಯವಿವಾಹ, ಸಂಚಾರ ನಿಯಮ, ಲೋಕ ಅದಾಲತ್‌ಗಳ ಬಗ್ಗೆ ಹೇಳುವಂತೆಯೇ, ಪಹಣಿ ತಕರಾರಿಗೆ ಎಲ್ಲಿ, ಹೆದ್ದಾರಿ ಪರಿಹಾರಕ್ಕೆ ಎಲ್ಲಿ, ಅರಣ್ಯ ಹಕ್ಕಿಗೆ ಎಲ್ಲಿ, ಎಷ್ಟು ದಿನಗಳೊಳಗೆ ಹೋಗಬೇಕು, ವಕೀಲರನ್ನು ಏನೇನು ಕೇಳಬೇಕು ಎಂಬುದಕ್ಕೂ ಒಂದು ಗಂಟೆ ಮೀಸಲಿಡಬೇಕೆಂದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಇದೇ ವಿಷಯಗಳನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಅಂಟಿಸುವುದಕ್ಕೆ ಹೆಚ್ಚಿನ ಖರ್ಚೂ ಬೇಕಾಗುವುದಿಲ್ಲ. ಜಿಲ್ಲೆಯ ಹಿರಿಯ ವಕೀಲರಲ್ಲಿ ಯಾರಾದರೂ ಆ ಹಾಳೆಯ ಪಠ್ಯವನ್ನು ಸಿದ್ಧಪಡಿಸಿಕೊಡಲು ಮುಂದೆ ಬಂದರೆ, ಅದನ್ನು ತಾವು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಪ್ರಕಟಿಸಬೇಕೆಂದೂ ಕೋರುತ್ತೇನೆ.

ತಮ್ಮ ವಿಶ್ವಾಸಿ,
ನ್ಯಾಯಾಲಯದ ನಿವೃತ್ತ ನೌಕರ
ಶಿರಸಿ, ಉತ್ತರ ಕನ್ನಡ